ರಾಬರ್ಟ್ ಆಂಗಸ್ ಸ್ಮಿತ್ (1817–1884): ಮಳೆಯಲ್ಲಿನ ಗಂಧಕವನ್ನು ಅಳೆದ ಅಧಿಕಾರಿ

ಸಾರ್ವಜನಿಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ

ವಾಯು (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆ, 1981ರ 21ನೇ ಕಲಮಿನ ಮೇರೆಗೆ ಸಮ್ಮತಿ ಪತ್ರ ಕೋರಿ ಅರ್ಜಿ ಸಲ್ಲಿಸುವ ದಾವಣಗೆರೆ ಮತ್ತು ಹರಿಹರ ಭಾಗದ ಉದ್ದಿಮೆದಾರರಲ್ಲಿ ಅನೇಕರು, ಬಾಯ್ಲರ್ ಇರುವ ಅಕ್ಕಿ ಗಿರಣಿಯವರಾಗಲಿ ಡೀಸೆಲ್ ಜನರೇಟರ್ ಅಳವಡಿಸುವವರಾಗಲಿ, ಕೆಲವು ವಿವರಗಳನ್ನು ಏಕೆ ಕೇಳಲಾಗುತ್ತಿದೆ ಎಂದು ವಿಚಾರಿಸುವುದುಂಟು. ಉಪಯೋಗಿಸುವ ಇಂಧನ ಯಾವುದು, ದಿನವೊಂದಕ್ಕೆ ಎಷ್ಟು, ಅದರಲ್ಲಿ ಗಂಧಕದ ಅಂಶವೆಷ್ಟು, ಹೊಗೆಗೊಳವೆಯ ಎತ್ತರವೆಷ್ಟು ಎಂಬಿವೇ ಆ ವಿವರಗಳು. ಹೊಗೆಯಲ್ಲಿ ಹೊರಟ ಗಂಧಕವು ಗಾಳಿಯಲ್ಲಿ ಕರಗಿ ಇಲ್ಲವಾಗುವುದಿಲ್ಲ, ಎಲ್ಲಿಯೋ ಒಂದು ಕಡೆ ಮಳೆಯಾಗಿ, ಧೂಳಾಗಿ, ಅನಿಲವಾಗಿ ಮರದ ಎಲೆಯ ಮೇಲೆ ಬಂದು ಕೂರುತ್ತದೆ ಎಂಬುದನ್ನು ಅಳತೆ ಮಾಡಿ ತೋರಿಸಿದ ಮೊದಲಿಗರಲ್ಲಿ ಪ್ರಮುಖರು ರಾಬರ್ಟ್ ಆಂಗಸ್ ಸ್ಮಿತ್. ಇವರು ರಸಾಯನಶಾಸ್ತ್ರಜ್ಞರು ಮಾತ್ರವಲ್ಲದೆ ಇಪ್ಪತ್ತು ವರ್ಷಗಳ ಕಾಲ ಸರ್ಕಾರಿ ತನಿಖಾಧಿಕಾರಿಯೂ ಆಗಿದ್ದರು. ಆದ್ದರಿಂದ ಇವರ ಜೀವನ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ.

ದಾವಣಗೆರೆಯ ಓದುಗರಿಗೆ ಇವರು ತೀರಾ ದೂರದವರೇನಲ್ಲ. ಹತ್ತಿ ಗಿರಣಿಗಳಿಂದಾಗಿ ಈ ನಗರವು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿತ್ತು. ಇಂದು ಆ ಗಿರಣಿಗಳ ಸೈರನ್ ಬಹುಮಟ್ಟಿಗೆ ನಿಂತಿದೆ, ಹೆಸರು ಉಳಿದಿದೆ. ಸ್ಮಿತ್ ಅವರು ತಮ್ಮ ಕರ್ಮಭೂಮಿಯಾಗಿ ಆರಿಸಿಕೊಂಡದ್ದು ಆ ಮೂಲ ಮ್ಯಾಂಚೆಸ್ಟರ್ ನಗರವನ್ನೇ.

ಸ್ಮಿತ್ ಅವರು ದಿನಾಂಕ 15-02-1817ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಬಳಿ ದೊಡ್ಡ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಸಣ್ಣ ಪ್ರಮಾಣದ ತಯಾರಿಕಾ ಉದ್ಯಮಿ. ಬಾಲಕನನ್ನು ಧರ್ಮೋಪದೇಶಕನನ್ನಾಗಿ ಮಾಡಬೇಕೆಂಬ ಉದ್ದೇಶದಿಂದ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಕಳುಹಿಸಲಾಯಿತಾದರೂ ಅವರು ಪದವಿ ಪಡೆಯದೆ ಹೊರಬಂದರು. ಕೆಲಕಾಲ ಸಿರಿವಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಜೀವನ ಸಾಗಿಸಿದರು. ಅಂತಹ ಒಂದು ಕುಟುಂಬದೊಡನೆ 1839ರಲ್ಲಿ ಜರ್ಮನಿಗೆ ಹೋದದ್ದೇ ಅವರ ಜೀವನದ ತಿರುವು. ಅಲ್ಲಿನ ಗೀಸೆನ್ ಎಂಬ ಸಣ್ಣ ಊರಿನಲ್ಲಿ ಜಸ್ಟಸ್ ಲೀಬಿಗ್ ಅವರು ನಡೆಸುತ್ತಿದ್ದ ಪ್ರಯೋಗಾಲಯಕ್ಕೆ ಯೂರೋಪಿನ ಎಲ್ಲ ಕಡೆಗಳಿಂದಲೂ ವಿದ್ಯಾರ್ಥಿಗಳು ಬರುತ್ತಿದ್ದರು. ಸಸ್ಯವು ಮಣ್ಣಿನಿಂದ ಏನನ್ನು ಪಡೆಯುತ್ತದೆ, ಗಾಳಿಯಿಂದ ಏನನ್ನು ಪಡೆಯುತ್ತದೆ ಎಂಬುದನ್ನು ತೂಗಿ ನೋಡುವುದು ಲೀಬಿಗ್ ಅವರ ಮುಖ್ಯ ಆಸಕ್ತಿಗಳಲ್ಲಿ ಒಂದು. ಸ್ಮಿತ್ ಅವರು 1841ರಲ್ಲಿ ಅಲ್ಲಿಯೇ ಡಾಕ್ಟರೇಟ್ ಪಡೆದು ಸ್ವದೇಶಕ್ಕೆ ಮರಳಿದರು. ಗಾಳಿಯನ್ನೂ ನೀರನ್ನೂ ತಕ್ಕಡಿಗೆ ಹಾಕುವ ಅಭ್ಯಾಸ ಅವರಿಗೆ ಗೀಸೆನ್‌ನಿಂದಲೇ ಬಂದಿರಬೇಕು.

ಲೀಬಿಗ್ ಅವರ ಇನ್ನೊಬ್ಬ ಶಿಷ್ಯರಾದ ಲಯನ್ ಪ್ಲೇಫೇರ್ ಅವರಿಗೆ ಸಹಾಯಕರಾಗಿ ಸ್ಮಿತ್ ಅವರು 1840ರ ದಶಕದ ಆರಂಭದಲ್ಲಿ ಮ್ಯಾಂಚೆಸ್ಟರಿಗೆ ಬಂದರು. ಪ್ಲೇಫೇರ್ ಅವರು ಊರು ಬಿಟ್ಟ ನಂತರವೂ ಸ್ಮಿತ್ ಅಲ್ಲಿಯೇ ಉಳಿದು ಸ್ವತಂತ್ರ ವಿಶ್ಲೇಷಕರಾಗಿ ವೃತ್ತಿ ಆರಂಭಿಸಿದರು. ಆ ದಿನಗಳ ಮ್ಯಾಂಚೆಸ್ಟರಿನಲ್ಲಿ ಗಿರಣಿ, ಬಣ್ಣದ ಕಾರ್ಖಾನೆ, ಮನೆಯ ಒಲೆ ಎಲ್ಲವೂ ಕಲ್ಲಿದ್ದಲಿನಿಂದಲೇ ಉರಿಯುತ್ತಿದ್ದವು. ಕಲ್ಲಿದ್ದಲಿನಲ್ಲಿ ಗಂಧಕವಿರುತ್ತದೆ. ಒಂದು ಕಿಲೋ ಗಂಧಕ ಉರಿದರೆ ಎರಡು ಕಿಲೋ ಗಂಧಕದ ಡೈಆಕ್ಸೈಡ್ ಆಗುತ್ತದೆ. ಅದು ಗಾಳಿಯಲ್ಲಿ ಮತ್ತಷ್ಟು ಆಮ್ಲಜನಕವನ್ನೂ ನೀರನ್ನೂ ಸೇರಿಸಿಕೊಂಡರೆ ಸುಮಾರು ಮೂರು ಕಿಲೋ ಗಂಧಕಾಮ್ಲವಾಗುತ್ತದೆ. ಹಾಕಿದ ಬಂಡವಾಳಕ್ಕಿಂತ ಹಿಂದಿರುಗಿದ ಮೊತ್ತ ಮೂರು ಪಟ್ಟಾಗುವ ಇಂತಹ ವ್ಯವಹಾರ ಬೇರೆಡೆ ಅಪರೂಪ.

ಸ್ಮಿತ್ ಅವರು ನಗರದ ಮಧ್ಯದಲ್ಲಿಯೂ ಹೊರವಲಯದಲ್ಲಿಯೂ ದೂರದ ಹೊಲಗಳಲ್ಲಿಯೂ ಮಳೆನೀರನ್ನು ಹಿಡಿದು ಪರೀಕ್ಷಿಸಿದರು. ಇದರ ಫಲಿತಾಂಶವನ್ನು 1852ರಲ್ಲಿ ಮ್ಯಾಂಚೆಸ್ಟರಿನ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ ಸಂಘದ ಸಂಪುಟದಲ್ಲಿ ಪ್ರಕಟಿಸಿದರು. ದೂರದ ಹೊಲಗಳಲ್ಲಿ ಬಿದ್ದ ಮಳೆಯಲ್ಲಿ ಅಮೋನಿಯಾ ಕಾರ್ಬೊನೇಟ್ ಇತ್ತು, ಹೊರವಲಯದಲ್ಲಿ ಅಮೋನಿಯಾ ಸಲ್ಫೇಟ್ ಇತ್ತು, ನಗರದೊಳಗೆ ನೇರವಾಗಿ ಗಂಧಕಾಮ್ಲವೇ ಇತ್ತು. ಬಣ್ಣ ಹಾಕಿದ ಬಟ್ಟೆ ಮಾಸುವುದಕ್ಕೂ ಕಬ್ಬಿಣ ತುಕ್ಕು ಹಿಡಿಯುವುದಕ್ಕೂ ಈ ಆಮ್ಲವೇ ಕಾರಣವೆಂದು ಅವರು ಸೂಚಿಸಿದರು. ಅಲ್ಲಿಯವರೆಗೆ ಹೊಗೆಯೆಂದರೆ ಕಣ್ಣಿಗೆ ಕಾಣುವ ಮಸಿ ಎಂದಷ್ಟೇ ಜನರು ತಿಳಿದಿದ್ದರು. ಕಾಣದ ಭಾಗವೇ ಹೆಚ್ಚು ಹಾನಿಕರವೆಂಬುದು ಅಂದಿಗೆ ಹೊಸ ವಿಚಾರ.

ಮರಗಳು ಈ ಸತ್ಯವನ್ನು ತಮ್ಮದೇ ರೀತಿಯಲ್ಲಿ ಆಗಲೇ ಹೇಳತೊಡಗಿದ್ದವು. ಮರದ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವಿಗೆ ಬೇರಿಲ್ಲ. ಅದು ತನಗೆ ಬೇಕಾದುದನ್ನೆಲ್ಲ ಗಾಳಿಯಿಂದ ಹಾಗೂ ಕಾಂಡದ ಮೇಲೆ ಇಳಿಯುವ ನೀರಿನಿಂದಲೇ ಪಡೆಯುವುದರಿಂದ ಗಂಧಕದ ಅನಿಲವನ್ನು ತಡೆದುಕೊಳ್ಳಲಾರದು. ಮ್ಯಾಂಚೆಸ್ಟರಿನ ಸುತ್ತ ಕಲ್ಲುಹೂವು ಕಡಿಮೆಯಾಗುತ್ತಿರುವುದನ್ನು ಲಿಯೋ ಗ್ರಿಂಡನ್ ಎಂಬ ಸಸ್ಯಶಾಸ್ತ್ರಜ್ಞರು 1859ರಲ್ಲಿ ದಾಖಲಿಸಿದರು.

ಸ್ಮಿತ್ ಅವರನ್ನು ಸರ್ಕಾರಿ ಸೇವೆಗೆ ತಂದದ್ದು ಗಂಧಕವಲ್ಲ, ಇನ್ನೊಂದು ಆಮ್ಲ. ಸಾಬೂನು ಮತ್ತು ಗಾಜಿಗೆ ಬೇಕಾದ ಸೋಡಾ ತಯಾರಿಸುವ ಕ್ಷಾರ ಕಾರ್ಖಾನೆಗಳಲ್ಲಿ ಉಪ್ಪಿಗೆ ಗಂಧಕಾಮ್ಲ ಬೆರೆಸಿ ಕಾಯಿಸುವಾಗ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಹೊರಬರುತ್ತಿತ್ತು. ಅನಿಲವನ್ನು ದೂರ ಅಟ್ಟುವ ಸಲುವಾಗಿ ಗ್ಲಾಸ್ಗೋದ ಸೇಂಟ್ ರೋಲಕ್ಸ್ ಕಾರ್ಖಾನೆಯವರು 1842ರಲ್ಲಿ ಸುಮಾರು 132 ಮೀಟರ್ ಎತ್ತರದ ಹೊಗೆಗೊಳವೆಯನ್ನೇ ಕಟ್ಟಿಸಿದ್ದರು. ಇದರಿಂದ ಹತ್ತಿರದ ತೊಂದರೆ ದೂರಕ್ಕೆ ವರ್ಗವಾಯಿತೇ ಹೊರತು ವಜಾ ಆಗಲಿಲ್ಲ. ಸೇಂಟ್ ಹೆಲೆನ್ಸ್ ಮುಂತಾದ ಕಡೆ ಮೈಲಿಗಟ್ಟಲೆ ಬೇಲಿಗಿಡಗಳೂ ಹಳೆಯ ಮರಗಳೂ ಒಣಗಿದವು. ಆ ಪ್ರದೇಶದಲ್ಲಿ ಜಮೀನುದಾರರಾಗಿದ್ದ ಡರ್ಬಿ ಪ್ರಭುಗಳ ಒತ್ತಾಯದಿಂದ 1862ರಲ್ಲಿ ಸಂಸದೀಯ ಸಮಿತಿಯು ವಿಚಾರಣೆ ನಡೆಸಿ, 1863ರಲ್ಲಿ ಕ್ಷಾರ ಕಾಯ್ದೆ ಜಾರಿಗೆ ಬಂದಿತು. ಬಡ ಕಾರ್ಮಿಕರ ಶ್ವಾಸಕೋಶಗಳಿಗಿಂತ ಮೊದಲು ಪ್ರಭುಗಳ ಮರಗಳು ಕಾನೂನಿನ ಕಣ್ಣಿಗೆ ಬಿದ್ದವು ಎಂಬುದನ್ನು ಇಲ್ಲಿ ಹೇಳದೆ ಇರಲಾಗದು.

ಸದರಿ ಕಾಯ್ದೆಯ ಮೇರೆಗೆ ಪ್ರತಿಯೊಂದು ಕಾರ್ಖಾನೆಯೂ ತನ್ನಲ್ಲಿ ಹುಟ್ಟುವ ಆಮ್ಲದ ಅನಿಲದಲ್ಲಿ ಕನಿಷ್ಠ ಶೇ. 95 ಭಾಗವನ್ನು ನೀರಿನಲ್ಲಿ ಹಿಡಿದಿಡಬೇಕಾಗಿತ್ತು. ಇದನ್ನು ಪರಿಶೀಲಿಸುವ ಪ್ರಥಮ ತನಿಖಾಧಿಕಾರಿಯಾಗಿ ಸ್ಮಿತ್ ಅವರು ನೇಮಕಗೊಂಡರು. ಅವರ ಕೈಕೆಳಗೆ ಇಡೀ ದೇಶಕ್ಕೆ ನಾಲ್ವರು ಉಪ ತನಿಖಾಧಿಕಾರಿಗಳಿದ್ದರು. ಕಾರ್ಖಾನೆಯವರು ಮೊದಲು ಅನುಮಾನದಿಂದಲೇ ನೋಡಿದರು. ಆದರೆ ಹಿಡಿದಿಟ್ಟ ಆಮ್ಲವನ್ನು ಮಾರಾಟ ಮಾಡಬಹುದೆಂಬುದು ಮನವರಿಕೆಯಾದಂತೆ ಸಹಕಾರವೂ ದೊರೆಯಿತು. ಆರಂಭದ ವರ್ಷಗಳಲ್ಲಿಯೇ ಶೇ. 95ರ ಗುರಿಯನ್ನು ಮೀರಲಾಯಿತು.

ಹೀಗಿದ್ದರೂ ಮರಗಳು ಒಣಗುವುದು ನಿಲ್ಲಲಿಲ್ಲ. ಸ್ಮಿತ್ ಅವರ ಸೇವಾವಧಿಯ ಅತ್ಯಂತ ಕಠಿಣ ಪ್ರಶ್ನೆ ಇದೇ ಆಗಿತ್ತು. ಇದರ ಕಾರಣವನ್ನು ಅರಿಯಲು ರಸಾಯನಶಾಸ್ತ್ರ ಬೇಡ, ಅಂಕಗಣಿತ ಸಾಕು. ಶೇಕಡಾವಾರು ಎಂಬುದು ಒಂದು ಅನುಪಾತ ಮಾತ್ರ. ನೂರು ಮಣ ಅನಿಲ ಹುಟ್ಟುವಲ್ಲಿ ಐದು ಮಣ ಬಿಟ್ಟವನೂ, ಸಾವಿರ ಮಣ ಹುಟ್ಟುವಲ್ಲಿ ಐವತ್ತು ಮಣ ಬಿಟ್ಟವನೂ ಕಾನೂನಿನ ಮುಂದೆ ಸಮಾನ ನಿರಪರಾಧಿಗಳು. ಎಲೆಯ ಮೇಲೆ ಬೀಳುವುದಾದರೋ ಶೇಕಡಾವಾರು ಅಲ್ಲ, ಒಟ್ಟು ಮೊತ್ತ. ಕಾರ್ಖಾನೆಗಳು ಹೆಚ್ಚಿದಂತೆ ಮೊತ್ತವೂ ಹೆಚ್ಚಿತು. ಇದಲ್ಲದೆ ಕಲ್ಲಿದ್ದಲಿನ ಹೊಗೆಯಿಂದ ಬರುವ ಗಂಧಕವು ಕಾಯ್ದೆಯ ವ್ಯಾಪ್ತಿಯಲ್ಲಿಯೇ ಇರಲಿಲ್ಲ. ಯಾವುದು ಹೆಚ್ಚು ವಿಸ್ತಾರವಾಗಿ ಹರಡುತ್ತಿದೆಯೆಂದು 1852ರಲ್ಲಿಯೇ ತಾವು ಕಂಡುಹಿಡಿದಿದ್ದರೋ ಅದನ್ನು ಮುಟ್ಟುವ ಅಧಿಕಾರ ಈ ಅಧಿಕಾರಿಗೆ ಇರಲಿಲ್ಲ.

ಅಧಿಕಾರವಿಲ್ಲದ ಕಡೆ ಅವರು ಅಳತೆಯನ್ನು ಮುಂದುವರಿಸಿದರು. ಬ್ರಿಟನ್ನಿನ ನಗರ, ಕಡಲತೀರ, ಒಳನಾಡುಗಳಿಂದಲೂ ಹೊರದೇಶದಿಂದಲೂ ಮಳೆನೀರಿನ ಮಾದರಿಗಳನ್ನು ಸಂಗ್ರಹಿಸಿದರು. ಕಡಲಿನ ಉಪ್ಪಿನಿಂದ ಬಂದ ಸಲ್ಫೇಟ್ ಎಷ್ಟು, ಕಲ್ಲಿದ್ದಲಿನಿಂದ ಬಂದದ್ದೆಷ್ಟು ಎಂದು ಕ್ಲೋರೈಡಿನ ಪ್ರಮಾಣದ ಆಧಾರದ ಮೇಲೆ ಬೇರ್ಪಡಿಸಲು ಯತ್ನಿಸಿದರು. ಗಾಳಿಯ ದಿಕ್ಕು, ಕಡಲಿನ ದೂರ, ಮಳೆಯ ಪ್ರಮಾಣ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಇವೆಲ್ಲವನ್ನೂ ಒಳಗೊಂಡ ಗಾಳಿ ಮತ್ತು ಮಳೆ ಎಂಬ ಅವರ ಬೃಹತ್ ಗ್ರಂಥವು 1872ರಲ್ಲಿ ಪ್ರಕಟವಾಯಿತು. ಇಂದು ಎಲ್ಲರ ಬಾಯಲ್ಲಿರುವ ಆಮ್ಲಮಳೆ ಎಂಬ ಮಾತು ಪ್ರಚಾರಕ್ಕೆ ಬಂದದ್ದು ಈ ಗ್ರಂಥದ ಮೂಲಕವೇ. ಮಳೆನೀರಿನಲ್ಲಿ ಹತ್ತು ಲಕ್ಷ ಭಾಗಕ್ಕೆ ಸುಮಾರು 40 ಭಾಗ ಆಮ್ಲವಿದ್ದ ಕಡೆ ಇಂಗ್ಲೆಂಡಿನ ಉತ್ತರ ಭಾಗದಂತಹ ಹವೆಯಲ್ಲಿ ಗಿಡಮರಗಳ ಆಸೆಯನ್ನೇ ಬಿಡಬೇಕೆಂಬ ಅಭಿಪ್ರಾಯಕ್ಕೆ ಅವರು ಬಂದಿದ್ದರು.

ಮಳೆಯಲ್ಲಿ ಗಂಧಕ ಬರುತ್ತದೆ, ಮರ ಕೆಡುತ್ತದೆ ಎಂಬಲ್ಲಿಯವರೆಗೆ ಸ್ಮಿತ್ ಅವರು ತಲುಪಿದರು. ಇವೆರಡರ ನಡುವೆ ಮರದ ಮೇಲ್ಛಾವಣಿಯಲ್ಲಿ ಏನು ನಡೆಯುತ್ತದೆ ಎಂಬುದು ನೂರು ವರ್ಷಗಳ ಬಳಿಕ ವಿವರವಾಗಿ ತಿಳಿದುಬಂದಿತು. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುವುದು ಅವಶ್ಯ.

ಕಾಡಿಗೆ ಗಂಧಕವು ಮೂರು ದಾರಿಗಳಲ್ಲಿ ಬರುತ್ತದೆ. ಮಳೆಯೊಂದಿಗೆ ಕರಗಿ ಬರುವುದು ಒಂದು. ಮಳೆಯಿಲ್ಲದ ದಿನಗಳಲ್ಲಿ ಅನಿಲವಾಗಿ ಹಾಗೂ ಅತಿ ಸಣ್ಣ ಕಣಗಳಾಗಿ ನೇರವಾಗಿ ಎಲೆಗೆ ಅಂಟುವುದು ಇನ್ನೊಂದು. ಮೂರನೆಯದು ಮಂಜು. ಬಾಬಾಬುಡನ್‌ಗಿರಿ, ಕುದುರೆಮುಖದಂತಹ ಎತ್ತರದ ಸಾಲುಗಳಲ್ಲಿ ಮೋಡವೇ ಮರಗಳ ನಡುವೆ ಹಾದುಹೋಗುತ್ತದೆ. ಮೋಡದ ಹನಿಯು ಮಳೆಹನಿಗಿಂತ ಬಹಳ ಚಿಕ್ಕದಾದ್ದರಿಂದ ಅದರಲ್ಲಿ ಕರಗಿದ ಪದಾರ್ಥಗಳ ಸಾಂದ್ರತೆ ಸಾಮಾನ್ಯವಾಗಿ ಹೆಚ್ಚು. ದಟ್ಟ ಕಾಡಿನಲ್ಲಿ ಒಂದು ಹೆಕ್ಟೇರ್ ನೆಲದ ಮೇಲೆ ನಾಲ್ಕರಿಂದ ಆರು ಹೆಕ್ಟೇರಿನಷ್ಟು ಎಲೆಯ ಹರವು ಇರುತ್ತದೆ. ಆದ್ದರಿಂದ ಬಯಲಿಗಿಂತ ಕಾಡು ಗಾಳಿಯಿಂದ ಹೆಚ್ಚು ಗಂಧಕವನ್ನು ಸೋಸಿಕೊಳ್ಳುತ್ತದೆ, ಕಾಡಿನ ಅಂಚಿನ ಮರಗಳಂತೂ ಒಳಗಿನವಕ್ಕಿಂತ ಹೆಚ್ಚು ಸೋಸುತ್ತವೆ. ಮರ ಗಾಳಿಯನ್ನು ಶುದ್ಧ ಮಾಡುತ್ತದೆ ಎಂದು ನಾವು ಶ್ಲಾಘಿಸುವಾಗ ಆ ಕೊಳೆಯನ್ನು ಮರವೇ ಹೊರುತ್ತದೆ ಎಂಬುದನ್ನು ಮರೆಯುತ್ತೇವೆ.

ಎಲೆಯ ಪತ್ರರಂಧ್ರಗಳ ಮೂಲಕ ಒಳಹೊಕ್ಕ ಗಂಧಕದ ಡೈಆಕ್ಸೈಡ್ ಒಳಗಿನ ತೇವದಲ್ಲಿ ಕರಗಿ ಮೊದಲು ಸಲ್ಫೈಟ್, ಅನಂತರ ಸಲ್ಫೇಟ್ ಆಗುತ್ತದೆ. ಗಂಧಕವು ಸಸ್ಯಕ್ಕೆ ಬೇಕಾದ ಪೋಷಕಾಂಶವೇ ಆಗಿರುವುದರಿಂದ ಸ್ವಲ್ಪ ಪ್ರಮಾಣವು ಸಸಾರಜನಕ ಪದಾರ್ಥಗಳ ತಯಾರಿಕೆಗೆ ಬಳಕೆಯಾಗುತ್ತದೆ. ಮಿತಿ ಮೀರಿದರೆ ಸಲ್ಫೈಟ್ ಎಲೆಯ ಹಸಿರನ್ನೇ ಕೆಡಿಸುತ್ತದೆ.

ಎಲೆಯ ಹೊರಮೈಗೆ ಅಂಟಿದ ಗಂಧಕ ಮಳೆಗಾಗಿ ಕಾಯುತ್ತದೆ. ಬೇಸಿಗೆಯೆಲ್ಲ ಕೂಡಿದ ಧೂಳನ್ನು ಕೃತ್ತಿಕೆ, ರೋಹಿಣಿ ಮಳೆಗಳು ತೊಳೆದಾಗ ಮರದಡಿ ಬೀಳುವ ಮೊದಲ ನೀರಿನಲ್ಲಿ ಸಲ್ಫೇಟ್ ಅತ್ಯಧಿಕವಾಗಿದ್ದು, ಮಳೆ ಮುಂದುವರಿದಂತೆ ಕಡಿಮೆಯಾಗುತ್ತದೆ. ನೀರಿನ ಹೆಚ್ಚಿನ ಪಾಲು ಎಲೆಗಳಿಂದ ತೊಟ್ಟಿಕ್ಕುತ್ತದೆ, ಉಳಿದ ಸ್ವಲ್ಪ ಪಾಲು ಕೊಂಬೆಗಳಿಂದ ಕಾಂಡಕ್ಕೆ ಕೂಡಿ ಬುಡಕ್ಕೆ ಇಳಿಯುತ್ತದೆ. ಚನ್ನಗಿರಿಯ ತೋಟಗಳಲ್ಲಿ ಜೋರು ಮಳೆಯ ಹೊತ್ತು ಅಡಿಕೆ ಮರದ ನುಣುಪಾದ ಕಾಂಡದ ಮೇಲೆ ನೀರು ಇಳಿಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮರದಡಿ ಒಂದು ಪಾತ್ರೆ, ಪಕ್ಕದ ಬಯಲಿನಲ್ಲಿ ಇನ್ನೊಂದು ಪಾತ್ರೆ ಇಟ್ಟು ಎರಡರಲ್ಲಿಯೂ ಬಿದ್ದ ಸಲ್ಫೇಟನ್ನು ಅಳೆದು ಕಳೆದರೆ ಮೇಲ್ಛಾವಣಿಯು ಸೇರಿಸಿದ ಬಾಕಿ ಎಷ್ಟೆಂದು ತಿಳಿಯುತ್ತದೆ. ಈ ಬಾಕಿಯು ಎಲೆಯ ಒಳಗಿನಿಂದ ಸೋರಿದ್ದೋ, ಹೊರಗಿನಿಂದ ಅಂಟಿದ್ದೋ ಎಂಬ ಬಗ್ಗೆ ಬಹುಕಾಲ ಭಿನ್ನಾಭಿಪ್ರಾಯವಿತ್ತು. ಅಮೆರಿಕದ ಓಕ್ ರಿಜ್ ಪ್ರಯೋಗಾಲಯದವರು 1980ರ ದಶಕದಲ್ಲಿ ವಿಕಿರಣಶೀಲ ಗಂಧಕವನ್ನು ಮರಗಳಿಗೆ ನೀಡಿ ಪರೀಕ್ಷಿಸಿ, ಒಳಗಿನಿಂದ ಸೋರುವುದು ಅಲ್ಪ, ಹೆಚ್ಚಿನದೆಲ್ಲ ಗಾಳಿಯಿಂದ ಬಂದು ಅಂಟಿದ್ದು ಎಂದು ತೋರಿಸಿದರು. ಅಂದರೆ ಮರದಡಿಯ ನೀರು ಗಾಳಿಯ ಲೆಕ್ಕಪುಸ್ತಕವಿದ್ದಂತೆ. ಆದರೆ ಆಮ್ಲವು ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ತನ್ನ ಹೈಡ್ರೋಜನನ್ನು ಎಲೆಯಲ್ಲಿ ಬಿಟ್ಟು, ಎಲೆಯಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕೊಂಡೊಯ್ಯುತ್ತದೆ. ಮರವು ಅವನ್ನು ಮತ್ತೆ ಬೇರಿನಿಂದ ತರಬೇಕು, ಮಣ್ಣಿನಲ್ಲಿ ದಾಸ್ತಾನು ಇರುವವರೆಗೆ.

ನಮ್ಮ ಭಾಗದಲ್ಲಿ ಈ ದಾಸ್ತಾನು ಬೇರೆ ಬೇರೆಯಾಗಿದೆ. ದಾವಣಗೆರೆ, ಹರಿಹರದ ಕಪ್ಪು ಮಣ್ಣಿನಲ್ಲಿ ಸುಣ್ಣದ ಅಂಶವಿದ್ದು ಅದರ ಧೂಳು ಗಾಳಿಯಲ್ಲಿಯೇ ಆಮ್ಲವನ್ನು ತಣಿಸುತ್ತದೆ. ಭಾರತದ ಬಹುಭಾಗದಲ್ಲಿ ಮಳೆಯು ಯೂರೋಪಿನಷ್ಟು ಆಮ್ಲೀಯವಾಗದಿರಲು ಇಂತಹ ಧೂಳೇ ಮುಖ್ಯ ಕಾರಣ. ಮಲೆನಾಡಿನಲ್ಲಿ ಮುಂಗಾರು ನೆಲೆಗೊಂಡ ಮೇಲೆ ಧೂಳು ಅಡಗುತ್ತದೆ, ಅಲ್ಲಿನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಸುಣ್ಣ ಕಡಿಮೆ. ಆದರೆ ಆ ಮಣ್ಣಿನ ಕಬ್ಬಿಣದ ಅಂಶ ಸಲ್ಫೇಟನ್ನು ಹಿಡಿದಿಟ್ಟುಕೊಳ್ಳಬಲ್ಲದು. ತೇಗದಂತಹ ಎಲೆ ಉದುರುವ ಮರಗಳು ಬೇಸಿಗೆಯಲ್ಲಿ ಬರಿದಾಗಿರುವುದರಿಂದ ಆಗ ಅವಕ್ಕೆ ಅಂಟುವುದು ಕಡಿಮೆ, ನೀಲಗಿರಿ ವರ್ಷವಿಡೀ ಎಲೆ ಹೊತ್ತು ಹಿಡಿಯುತ್ತಲೇ ಇರುತ್ತದೆ.

ನೀಲಗಿರಿಯ ಮಾತು ಬಂದಾಗ ಹರಿಹರದ ಓದುಗರಿಗೆ ಹೊಳೆಯಾಚೆಯ ಕುಮಾರಪಟ್ಟಣ ನೆನಪಾಗುವುದು ಸಹಜ. ಇಂದಿನ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದ ಆ ಸ್ಥಳದಲ್ಲಿ 1970ರ ದಶಕದಿಂದ ಮರದ ತಿರುಳು ಮತ್ತು ಕೃತಕ ನಾರಿನ ತಯಾರಿಕೆ ನಡೆದುಬಂದಿದೆ. ವಿಸ್ಕೋಸ್ ನಾರನ್ನು ಎಲ್ಲೇ ತಯಾರಿಸಿದರೂ ತಿರುಳನ್ನು ಕರಗಿಸಲು ಕಾರ್ಬನ್ ಡೈಸಲ್ಫೈಡ್ ಬೇಕು, ನಾರಾಗಿ ಎಳೆಯಲು ಗಂಧಕಾಮ್ಲದ ತೊಟ್ಟಿ ಬೇಕು. ಹಿಡಿದು ಮರುಬಳಕೆ ಮಾಡದೆ ಉಳಿದ ಗಂಧಕ ಕಾರ್ಬನ್ ಡೈಸಲ್ಫೈಡ್ ಹಾಗೂ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ರೂಪದಲ್ಲಿ ಗಾಳಿಗೆ ಸೇರಿ, ಕಾಲಕ್ರಮದಲ್ಲಿ ಸಲ್ಫೇಟ್ ಆಗುತ್ತದೆ. ಮುಂಗಾರಿನ ಪಡುವಣ ಗಾಳಿ ಬೀಸುವ ದಿಕ್ಕಿನಲ್ಲಿ ಹರಿಹರವೂ ಅದರಾಚೆ ದಾವಣಗೆರೆಯೂ ಇವೆ. ಸಣ್ಣ ಉದ್ದಿಮೆಗಳೂ ಈ ಲೆಕ್ಕದಿಂದ ಹೊರಗಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಭತ್ತದ ಹೊಟ್ಟು ಉರಿಸಿದರೆ ಗಂಧಕ ಬಹಳ ಕಡಿಮೆ. ಅದೇ ಒಲೆಗೆ ಹಳೆಯ ಟೈರಿನ ಚೂರು ಹಾಕಿದರೆ, ರಬ್ಬರನ್ನು ಗಟ್ಟಿಗೊಳಿಸಲು ಬೆರೆಸಿದ ಗಂಧಕವೆಲ್ಲ ಹೊಗೆಯಾಗುತ್ತದೆ.

ಅರ್ಜಿಯಲ್ಲಿ ಹೊಗೆಗೊಳವೆಯ ಎತ್ತರ ಕೇಳುವುದರ ಹಿನ್ನೆಲೆಯೂ ಇದೇ. ಗಂಟೆಗೆ ಹೊರಬರುವ ಗಂಧಕದ ಡೈಆಕ್ಸೈಡನ್ನು ಕಿಲೋಗ್ರಾಂನಲ್ಲಿ ತೆಗೆದುಕೊಂಡು ಅದರ 0.3 ಘಾತವನ್ನು 14ರಿಂದ ಗುಣಿಸಿದರೆ ಬೇಕಾದ ಎತ್ತರವು ಮೀಟರಿನಲ್ಲಿ ದೊರೆಯುತ್ತದೆ ಎಂಬುದು ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಸೂತ್ರ. ಶೇ. 0.5 ಗಂಧಕವಿರುವ ಕಲ್ಲಿದ್ದಲನ್ನು ಗಂಟೆಗೆ ಒಂದು ಟನ್ ಉರಿಸಿದರೆ 10 ಕಿಲೋ ಅನಿಲ ಬರುತ್ತದೆ, ಈ ಸೂತ್ರದ ಪ್ರಕಾರ ಎತ್ತರ ಸುಮಾರು 28 ಮೀಟರ್. ಅನಿಲ ಇಮ್ಮಡಿಯಾದರೆ ಎತ್ತರ 34 ಮೀಟರಿಗೆ ಏರುತ್ತದೆ, ಅಷ್ಟೇ. ಎತ್ತರದಿಂದ ನೆರೆಹೊರೆಯವರ ಉಸಿರಿಗೆ ರಕ್ಷಣೆ ಸಿಗುತ್ತದೆ, ಗಂಧಕದ ಮೊತ್ತ ಒಂದು ಗ್ರಾಮೂ ಕಡಿಮೆಯಾಗುವುದಿಲ್ಲ. ಮೊತ್ತ ಕಡಿಮೆಯಾಗುವುದು ಇಂಧನದಲ್ಲಿ ಅಥವಾ ಅನಿಲವನ್ನು ತೊಳೆಯುವುದರಲ್ಲಿ. 2020ರ ಏಪ್ರಿಲ್‌ನಿಂದ ಡೀಸೆಲ್‌ನಲ್ಲಿ ಗಂಧಕವನ್ನು ಹತ್ತು ಲಕ್ಷಕ್ಕೆ 10 ಭಾಗಕ್ಕೆ ಇಳಿಸಿರುವುದು ಆ ಬಗೆಯ ಕ್ರಮ. 2009ರ ರಾಷ್ಟ್ರೀಯ ಪರಿವೇಷ್ಟಕ ವಾಯು ಗುಣಮಟ್ಟದಲ್ಲಿ ಗಂಧಕದ ಡೈಆಕ್ಸೈಡಿನ ವಾರ್ಷಿಕ ಮಿತಿಯನ್ನು ಜನವಸತಿ ಹಾಗೂ ಕೈಗಾರಿಕಾ ಪ್ರದೇಶಗಳಿಗೆ ಘನ ಮೀಟರಿಗೆ 50 ಮೈಕ್ರೋಗ್ರಾಂ ಎಂದೂ, ಪರಿಸರ ಸೂಕ್ಷ್ಮ ಪ್ರದೇಶಗಳಿಗೆ 20 ಎಂದೂ ನಿಗದಿಪಡಿಸಲಾಗಿದೆ.

ಸ್ಮಿತ್ ಅವರ ಕಾಲದಲ್ಲಿಯೂ ಶೇಕಡಾವಾರಿನ ದೋಷ ಕೊನೆಗೆ ಕಾನೂನಿಗೆ ತಿಳಿಯಿತು. 1874ರ ತಿದ್ದುಪಡಿಯಲ್ಲಿ ಹೊರಹೋಗುವ ಅನಿಲದ ಒಂದು ಘನ ಅಡಿಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವು 0.2 ಗ್ರೇನ್ ಮೀರಬಾರದೆಂದು ಗೊತ್ತುಪಡಿಸಿ, ಕಾರ್ಯಸಾಧ್ಯವಾದ ಅತ್ಯುತ್ತಮ ವಿಧಾನವನ್ನು ಬಳಸಬೇಕೆಂಬ ನಿಯಮವನ್ನೂ ಸೇರಿಸಲಾಯಿತು. 1881ರ ಕಾಯ್ದೆಯಲ್ಲಿ ಗಂಧಕಾಮ್ಲದ ಕಾರ್ಖಾನೆಗಳನ್ನೂ ಸೇರಿಸಲಾಯಿತು. ಸಾಮಾನ್ಯ ಕಲ್ಲಿದ್ದಲಿನ ಹೊಗೆ ಮಾತ್ರ ಹೊರಗೇ ಉಳಿಯಿತು.

ಸ್ಮಿತ್ ಅವರು ಮೊಕದ್ದಮೆ ಹೂಡಿದ್ದು ಬಹಳ ಕಡಿಮೆ. ಕಾರ್ಖಾನೆಯವರೊಡನೆ ಕುಳಿತು, ಉಪಕರಣ ಸರಿಪಡಿಸಿ, ಒಲಿಸಿಕೊಂಡು ಕೆಲಸ ಮಾಡಿಸುವುದೇ ಅವರ ಮಾರ್ಗವಾಗಿತ್ತು. ಇದರಿಂದ ಅವರು ಉದ್ದಿಮೆಗಾರರಿಗೆ ಸಲಿಗೆ ನೀಡಿದರೆಂಬ ಟೀಕೆ ಅಂದೂ ಇತ್ತು, ಇಂದೂ ಇದೆ. ಟೀಕೆ ಪೂರ್ಣ ನಿರಾಧಾರವೆನ್ನಲಾಗದು. ನಾಲ್ವರು ಸಹಾಯಕರೊಡನೆ ಬೇರೇನು ಸಾಧ್ಯವಿತ್ತೆಂಬುದನ್ನೂ ಯೋಚಿಸಬೇಕಾಗುತ್ತದೆ.

ಅವರ ಇತರ ಕೆಲಸಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ, 1857ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಅಲೆಕ್ಸಾಂಡರ್ ಮೆಕ್‌ಡೂಗಲ್ ಅವರೊಡನೆ ಸೇರಿ ಚರಂಡಿ ನೀರಿನ ದುರ್ವಾಸನೆ ತಡೆಯುವ ಪುಡಿಯೊಂದನ್ನು ತಯಾರಿಸಿದರು. ರಸಾಯನಶಾಸ್ತ್ರಜ್ಞ ಜಾನ್ ಡಾಲ್ಟನ್ ಅವರ ಜೀವನಚರಿತ್ರೆ ಬರೆದರು. 1876ರ ನದಿ ಮಾಲಿನ್ಯ ಕಾಯ್ದೆ ಬಂದ ಬಳಿಕ ನದಿಗಳ ತನಿಖೆಯ ಹೊಣೆಯೂ ಅವರಿಗೆ ಬಂದಿತು. ಸ್ಕಾಟ್ಲೆಂಡಿನ ಪ್ರಾಚೀನ ಅವಶೇಷಗಳ ಬಗ್ಗೆ ಅವರಿಗಿದ್ದ ಒಲವಿನಿಂದ ಪುಸ್ತಕವೊಂದು 1879ರಲ್ಲಿ ಹೊರಬಂದಿತು. ಅವರು ಅವಿವಾಹಿತರಾಗಿಯೇ ಉಳಿದರು.

ಆರೋಗ್ಯ ಕ್ಷೀಣಿಸಿದ್ದರೂ ಸ್ಮಿತ್ ಅವರು ಕೊನೆಯವರೆಗೆ ಸೇವೆಯಲ್ಲಿದ್ದು, ದಿನಾಂಕ 12-05-1884ರಂದು ವೇಲ್ಸ್ ಪ್ರಾಂತದ ಕೋಲ್ವಿನ್ ಬೇ ಎಂಬಲ್ಲಿ ನಿಧನ ಹೊಂದಿದರು. ಅವರ ಗ್ರಂಥಸಂಗ್ರಹವನ್ನು ಸ್ನೇಹಿತರು ಕೊಂಡು ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿಗೆ ನೀಡಿದರು. ಮಳೆಯ ಕುರಿತ ಅವರ ಗ್ರಂಥವನ್ನು ಮುಂದೆ ಹೆಚ್ಚು ಜನ ಓದಲಿಲ್ಲ. ಮಳೆಯ ಆಮ್ಲತೆಯ ಬಗ್ಗೆ 1950ರ ದಶಕದಲ್ಲಿ ಈವಿಲ್ ಗೋರಮ್ ಅವರೂ, 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಸ್ವಾಂಟೆ ಓಡೆನ್ ಅವರೂ ಪ್ರಕಟಿಸಿದ ಅಧ್ಯಯನಗಳಿಂದ ವಿಷಯವು ಮತ್ತೆ ಚರ್ಚೆಗೆ ಬಂದ ಮೇಲೆ, ಇದನ್ನೆಲ್ಲ ಅಳೆದ ಅಧಿಕಾರಿಯೊಬ್ಬರು ಮೊದಲೇ ಇದ್ದರೆಂಬುದು ವಿಜ್ಞಾನಿಗಳ ಗಮನಕ್ಕೆ ಬಂದಿತು.